ಶುಕ್ರವಾರದ ಆಟಗಳಲ್ಲಿ ಪೆಟ್ಟಿನ ಲೆಕ್ಕ

ಅದು ನಲವತ್ತೆಂಟನೆಯ ಇಸವಿಯ ಸೆಪ್ಟೆಂಬರಿನ ಒಂದು ಶುಕ್ರವಾರ. ಹೈದರಾಬಾದ್ ಸಂಸ್ಥಾನದಲ್ಲಿ ವಾರದ ಸೂಟಿ ಶುಕ್ರವಾರವೇ ಇತ್ತು. ಅವ್ವ ರೊಟ್ಟಿ ಬಡಿದು ಮುಗಿಸಿ, ಪಡಸಾಲೆಯ ಗೂಡಿನಲ್ಲಿದ್ದ ಪಿಂಗಾಣಿ ಕಪ್ಪನ್ನು ತೆಗೆದು ತೊಳೆದಿಟ್ಟಳು. ಅದು ಚಾಚಾ ಅವರಿಗೆಂದೇ ಬೇರೆ ಇಟ್ಟ ಕಪ್ಪು. ಹನ್ನೆರಡು ವರ್ಷ ಅವರು ನಮ್ಮ ಮನೆಗೆ ಬಂದರೂ ಅದು ಅಡುಗೆಮನೆಯ ಪಾತ್ರೆಗಳ ಸಾಲಿಗೆ ಸೇರಲಿಲ್ಲ. ಅದರ ಬಗ್ಗೆ ಅವರೂ ಏನೂ ಅನ್ನಲಿಲ್ಲ, ನಾವೂ ಅನ್ನಲಿಲ್ಲ.

ಚಾಚಾ ನಮ್ಮ ಸಂಬಂಧಿಕರಲ್ಲ. ಅಪ್ಪನ ಗೆಳೆಯರು, ಕಮಲಾಪುರದವರು. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿದು ಹೊಲ ಅಳೆದು ನಿವೃತ್ತರಾಗಿದ್ದರು. ಅಪ್ಪ ಶಹಾಬಜಾರದ ಶಾಲೆಯೊಂದರಲ್ಲಿ ಲೆಕ್ಕದ ಮಾಸ್ತರರಾಗಿದ್ದರು. ಕಣ್ಣಿಗೆ ಪೊರೆ ಬಂದು, ಆಪರೇಷನ್ ಕೆಟ್ಟು, ನೌಕರಿ ಬಿಟ್ಟಿದ್ದರು. ಇಬ್ಬರನ್ನೂ ಕೂಡಿಸಿದ್ದು ಶತರಂಜ್, ಪುಸ್ತಕದ ಮಾತಿನಲ್ಲಿ ಚದುರಂಗ. ಪ್ರತಿ ಶುಕ್ರವಾರ ಬೆಳಗಿನ ಮೋಟಾರಿಗೆ ಚಾಚಾ ಕಮಲಾಪುರದಿಂದ ಬಂದು, ಜಗತ್ ಎಂಬ ಚೌಕದ ಹತ್ತಿರ ಇಳಿದು, ನಮ್ಮ ಓಣಿಗೆ ನಡೆದು ಬರುತ್ತಿದ್ದರು. ಸಂಜೆಯ ಮೋಟಾರಿಗೆ ತಿರುಗಿ ಹೋಗುತ್ತಿದ್ದರು. ಅಪ್ಪ ಕಾಯಿಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಆಡುತ್ತಿದ್ದರು. ಕಣ್ಣಿದ್ದಾಗ ನಡೆಗಳನ್ನು ಅವರೇ ಬರೆದಿಡುತ್ತಿದ್ದರು. ಕಣ್ಣು ಹೋದ ಮೇಲೆ ಆ ಕೆಲಸ ನನ್ನದಾಯಿತು.

ನನಗೆ ಆಗ ಇಪ್ಪತ್ತೆರಡು. ಏಳನೆಯ ಇಯತ್ತೆಯವರೆಗೆ ಉರ್ದುವಿನಲ್ಲಿ ಓದಿದ್ದೆ. ಕನ್ನಡ ಮನೆಯಲ್ಲಿ ಅಪ್ಪ ಕಲಿಸಿದ್ದು. ನನ್ನ ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದರು, ಅಂದರೆ ಗಡಿಯ ಆಚೆ. ರೈಲಿನಿಂದ ಜನರನ್ನು ಇಳಿಸಿ ಶೋಧಿಸುತ್ತಾರೆ ಎಂಬ ಸುದ್ದಿ ಹೆಚ್ಚಾದ ಮೇಲೆ, ಹೋದ ವರ್ಷ ಹಬ್ಬಕ್ಕೆಂದು ತವರಿಗೆ ಬಂದವಳು ಇಲ್ಲೇ ಉಳಿದುಬಿಟ್ಟಿದ್ದೆ.

ಆ ಶುಕ್ರವಾರ ಚಾಚಾ ಕೆಂಪು ಬಾಳೆಹಣ್ಣಿನ ಚೀಲವನ್ನು ಅವ್ವನ ಮುಂದೆ ಇಳಿಸಿ, ಟೋಪಿ ತೆಗೆದು ಬೆವರು ಒರೆಸಿಕೊಂಡು, ಹದಿನಾಲ್ಕು ಎಂದರು. ಹೋದ ವಾರ ಹನ್ನೊಂದು ಇತ್ತು. ಅದು ನಮ್ಮ ಓಣಿಯಲ್ಲಿ ಕೀಲಿ ಬಿದ್ದ ಬಾಗಿಲುಗಳ ಎಣಿಕೆ. ಅಳೆಯುವುದು, ಎಣಿಸುವುದು ಅವರಿಗೆ ನೌಕರಿ ಮುಗಿದರೂ ಬಿಡದ ಚಟ. ಜಗತ್‌ನಿಂದ ನಮ್ಮ ಕಟ್ಟೆಗೆ ಎಷ್ಟು ಹೆಜ್ಜೆ ಎಂದು ಗೊತ್ತಿತ್ತು; ಮಳೆಗಾಲದಲ್ಲಿ ಕೆಸರು ಬಳಸಿ ಬಂದರೆ ಎಷ್ಟು ಹೆಚ್ಚು ಎಂದೂ ಗೊತ್ತಿತ್ತು. ಓಣಿಯ ಜನ ಒಬ್ಬೊಬ್ಬರೇ ಸೊಲ್ಲಾಪುರದ ಕಡೆ, ವಿಜಾಪುರದ ಕಡೆ ಹೋಗುತ್ತಿದ್ದರು. ಹೋಗುವವರು ಹೋಗುತ್ತೇವೆ ಎಂದು ಹೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕೀಲಿ ಇರುತ್ತಿತ್ತು. ನಾವು ಹೋಗದಿದ್ದುದು ಅಪ್ಪನಿಂದ. ಈ ಮನೆಯ ಗೋಡೆಗಳು ನನ್ನ ಕೈಗೆ ಗೊತ್ತು, ಬೇರೆ ಊರಿನ ಗೋಡೆಗಳು ಗೊತ್ತಿಲ್ಲ ಎನ್ನುತ್ತಿದ್ದರು.

ಸಂಸ್ಥಾನದ ಪರ ಖಾಕಿ ತೊಟ್ಟವರು ಸಂಜೆ ಹೊತ್ತು ಕೋಟೆಯ ಬಯಲಿನಲ್ಲಿ ಕವಾಯತು ಮಾಡುತ್ತಿದ್ದರು. ಶುಕ್ರವಾರ ಮಧ್ಯಾಹ್ನ ನಮ್ಮ ಓಣಿಯಲ್ಲಿ ಸಾಲಾಗಿ ಹಾದು, ಕೀಲಿ ಬೀಳದ ಬಾಗಿಲುಗಳನ್ನು ಕೋಲಿನಿಂದ ಒಂದೊಂದು ಸಲ ಬಡಿಯುತ್ತ ಹೋಗುತ್ತಿದ್ದರು. ಒಳಗಿದ್ದವರಿಗೆ ಆ ಒಂದು ಬಡಿತವೇ ಸಾಕಾಗುತ್ತಿತ್ತು. ಚಾಚಾ ಕಟ್ಟೆಯ ಮೇಲೆ ಕೂತಿದ್ದರೆ ಮಾತ್ರ ಸಲಾಂ ಹೇಳಿ ಮುಂದೆ ಹೋಗುತ್ತಿದ್ದರು. ಆ ವರ್ಷವೆಲ್ಲ ಚಾಚಾ ಒಳಗೆ ಕೂತು ಆಡಲೇ ಇಲ್ಲ. ಬಿಸಿಲಿರಲಿ, ಹನಿ ಬೀಳುತ್ತಿರಲಿ, ಶತರಂಜಿನ ಮನೆಗಳನ್ನು ಹೊಲಿದ ಬಟ್ಟೆಯ ಹಾಸನ್ನು ಕಟ್ಟೆಯ ಮೇಲೇ ಬಿಚ್ಚಿಸುತ್ತಿದ್ದರು. ಒಳಗೆ ಸೆಕೆ ಎನ್ನುತ್ತಿದ್ದರು. ಅವ್ವನಿಗೆ ಕಾರಣ ಗೊತ್ತಿತ್ತು. ನಾನು ಬಾಗಿಲ ಮರೆಯಲ್ಲಿ ಹೊಸ್ತಿಲಿಗೆ ಒರಗಿ ಕೂತು ಬರೆಯುತ್ತಿದ್ದೆ.

ಆಟಕ್ಕಿಂತ ಹೆಚ್ಚಾಗಿ ಅವರಿಬ್ಬರೂ ಆ ವರ್ಷ ಒಂದು ಲೆಕ್ಕದಲ್ಲಿ ಮುಳುಗಿದ್ದರು. ಅದು ಶುರುವಾದದ್ದು ಒಂದು ವಾದದಿಂದ. ಹಿಂದಿನವರು ಪೆಟ್ಟು ಹಾಕಿ ಆಡುತ್ತಿದ್ದರು, ಈಗಿನವರು ಕಾಯಿ ಕಾಯ್ದುಕೊಂಡು ಕೂರುತ್ತಾರೆ ಎಂದು ಅಪ್ಪ ಅಂದಿದ್ದರು. ಅಳೆಯದೆ ಹಾಗೆ ಹೇಳಬಾರದು ಎಂದರು ಚಾಚಾ. ಅಳೆಯಲು ಅವರ ಹತ್ತಿರ ಸಾಮಾನು ಇತ್ತು. ಅವರ ಅಜ್ಜ, ಅಂದರೆ ದಾದಾ, ಕಮಲಾಪುರದಲ್ಲಿ ಹೆಸರಾದ ಆಟಗಾರರು. ತಾವು ಗೆದ್ದ ಆಟಗಳನ್ನೂ ಸೋತ ಆಟಗಳನ್ನೂ ಮುನ್ಷಿಯ ಕೈಯಿಂದ ಉರ್ದುವಿನಲ್ಲಿ ಬರೆಸಿಟ್ಟಿದ್ದರು. ಅದೇ ಪುಸ್ತಕದ ಕೊನೆಯಲ್ಲಿ ಚಾಚಾ ಅವರ ತಂದೆಯ ಕೆಲವು ಆಟಗಳಿದ್ದವು. ಮೂರನೆಯ ತಲೆಮಾರಿಗೆ ನಮ್ಮ ಮನೆಯ ಹನ್ನೆರಡು ವರ್ಷದ ಶುಕ್ರವಾರಗಳು ಇದ್ದವು.

ಪೆಟ್ಟು ಎಂದರೆ ಏನು ಎಂದು ಗೊತ್ತು ಮಾಡುವುದಕ್ಕೇ ಒಂದು ತಿಂಗಳು ಹೋಯಿತು. ಕಾಯಿ ಹೊಡೆದದ್ದೆಲ್ಲ ಪೆಟ್ಟಲ್ಲ ಎಂದರು ಅಪ್ಪ. ಕಡೆಗೆ ಹೀಗೆ ಒಪ್ಪಿಕೊಂಡರು: ಎದುರಿನವನಿಗೆ ಒಂದೇ ಉತ್ತರ ಉಳಿಸುವ ನಡೆ ಪೆಟ್ಟು, ಇನ್ನೂ ದೊಡ್ಡದೊಂದಕ್ಕಾಗಿ ತನ್ನ ಕಾಯಿಯನ್ನು ತಿಳಿದೇ ಕೊಡುವ ನಡೆಯೂ ಪೆಟ್ಟು. ಪ್ರತಿ ಆಟವನ್ನೂ ಮತ್ತೆ ಹಾಸಿನ ಮೇಲೆ ಇಟ್ಟು, ನಡೆ ನಡೆಗೂ ನಿಲ್ಲಿಸಿ, ಮೊದಲ ಪೆಟ್ಟು ಎಷ್ಟನೆಯ ನಡೆಗೆ ಬಿತ್ತು, ಒಟ್ಟು ಎಷ್ಟು ಬಿದ್ದವು ಎಂದು ನನ್ನ ಕೈಯಿಂದ ಬರೆಸುತ್ತಿದ್ದರು. ಇಬ್ಬರೂ ಹೂಂ ಅಂದರೆ ಮಾತ್ರ ಗುರುತು. ಒಬ್ಬರು ಅಲ್ಲ ಅಂದರೆ ಆ ಜಾಗ ಖಾಲಿ. ಇದು ಚಾಚಾ ತಂದ ಪದ್ಧತಿ. ಸರಪಳಿಯ ಒಂದು ತುದಿ ಒಬ್ಬನ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬನ ಕೈಯಲ್ಲಿ ಇರಬೇಕು, ಎರಡು ಕಡೆಯಿಂದಲೂ ಕೂಗು ಬಂದ ಮೇಲೇ ಅಳತೆ ಬರೆಯಬೇಕು. ಅವರ ಇಲಾಖೆಯಲ್ಲಿ ಹಾಗೆ.

ದಾದಾನ ಆಟಗಳು ನಿಧಾನ. ಮೊದಲ ಪೆಟ್ಟು ತಡವಾಗಿ ಬೀಳುತ್ತಿತ್ತು. ಬಿದ್ದರೆ ಮೂರು ನಾಲ್ಕು ಒಂದರ ಹಿಂದೆ ಒಂದು ಬೀಳುತ್ತಿದ್ದವು. ಅಪ್ಪ ಮತ್ತು ಚಾಚಾ ಅವರ ಮೊದಲ ವರ್ಷಗಳ ಆಟಗಳಲ್ಲಿ ಹತ್ತನೆಯ ನಡೆಯೊಳಗೇ ಹೊಡೆದಾಟ. ಅದು ಧೈರ್ಯದ ಮಾತಲ್ಲ, ಕಾಯಿದೆಯ ಮಾತು ಎಂದರು ಚಾಚಾ. ದಾದಾನ ಕಾಲದ ಆಟದಲ್ಲಿ ಪ್ಯಾದಿ, ಅಂದರೆ ಕಾಲಾಳು, ಯಾವಾಗಲೂ ಒಂದೇ ಮನೆ ಮುಂದೆ ಹೋಗುತ್ತದೆ. ಇವರಿಬ್ಬರು ಆಡುತ್ತಿದ್ದುದು ಅಂಗ್ರೇಜಿ ಆಟ. ಅದರಲ್ಲಿ ಪ್ಯಾದಿ ಮೊದಲ ಸಲ ಎರಡು ಮನೆ ದಾಟಬಹುದು. ಸೈನ್ಯಗಳು ಬೇಗ ಎದುರಾಗುತ್ತವೆ. ಅಪ್ಪ ಅರೆಮನಸ್ಸಿನಿಂದ ಒಪ್ಪಿದರು.

ಒಪ್ಪಿಕೊಳ್ಳಲು ಕಷ್ಟವಾದದ್ದು ಕೊನೆಯ ಎರಡು ವರ್ಷಗಳ ಸಾಲು. ಅದೇ ಇಬ್ಬರು, ಅದೇ ಕಾಯಿದೆ, ಪೆಟ್ಟು ಮಾತ್ರ ಎಲ್ಲೋ ಒಂದು. ಎಷ್ಟೋ ಆಟಗಳಲ್ಲಿ ಒಂದೂ ಇರಲಿಲ್ಲ. ನಾನು ಆ ಸಾಲನ್ನು ಓದಿ ಹೇಳಿದೆ.

"ವಯಸ್ಸಾತು," ಎಂದರು ಅಪ್ಪ.

"ವಯಸ್ಸಲ್ಲ ಮಾಸ್ತರ. ಕೈಯಾಗಿಂದು ಏನೂ ಬಿಡಬಾರದು ಅನಸಾಕತ್ತದ. ನಿಮಗೂ, ನನಗೂ."

ಇನ್ನು ದಾದಾನ ಒಂದೇ ಆಟ ಉಳಿದಿತ್ತು. ಕಮಲಾಪುರದಲ್ಲಿ ಎಲ್ಲರ ಬಾಯಲ್ಲಿದ್ದ ಆಟವಂತೆ ಅದು. ಮೊದಲು ಆನೆ, ಹಿಂದೆಯೇ ಕುದುರೆ ಕೊಟ್ಟು, ಆಮೇಲೆ ವಜೀರನನ್ನು, ಅಂದರೆ ಮಂತ್ರಿಯನ್ನು, ಮೂಲೆಯಿಂದ ಮೂಲೆಗೆ ತಂದು ದಾದಾ ಎದುರಾಳಿಯ ಬಾದಶಹನನ್ನು ಹಿಡಿದರಂತೆ. ಅದನ್ನು ಕೊನೆಗೆಂದೇ ಇಟ್ಟುಕೊಂಡಿದ್ದರು. ಆ ಶುಕ್ರವಾರ ಅದನ್ನು ಅಳೆದು, ಮುಂದೆ ನಾಲ್ಕು ದಿನ ನಮ್ಮಲ್ಲೇ ಇದ್ದು ಪೂರಾ ಲೆಕ್ಕ ಕೂಡಿಸಿ ಮುಗಿಸುವುದೆಂದು ಚಾಚಾ ಎರಡು ಜೊತೆ ಬಟ್ಟೆ ತಂದಿದ್ದರು. ಅವರು ಇರುತ್ತಾರೆಂದು ಅವ್ವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಗೆಲುವು ಕಂಡಿತು. ಸಂತೆಯಲ್ಲಿ ಜನ ಏನೇನೋ ಮಾತಾಡುತ್ತಿದ್ದರು. ಗಡಿಯ ಆಚೆ ಫೌಜು ಬಂದು ನಿಂತಿದೆ ಎನ್ನುತ್ತಿದ್ದರು.

ನಮಾಜು ಮುಗಿಸಿ ಬಂದು ಚಾಚಾ ಕಾಯಿ ಇಟ್ಟರು. ಆಗಲೂ ನಗುವಿತ್ತು. ಕಣ್ಣು ಕಾಣದವರು ನನ್ನ ವಜೀರನನ್ನು ಪ್ರತಿ ಸಲ ಹೇಗೆ ಹಿಡಿಯುತ್ತೀರಿ ಎಂದು ಚಾಚಾ ಕೆಣಕಿದರು.

"ನಿಮ್ಮ ವಜೀರ ಬಂದ್ರ ಅತ್ತರಿನ ವಾಸನಿ ಬರ್ತದಲ್ರೀ," ಎಂದರು ಅಪ್ಪ.

ನಾನು ನನ್ನ ಪ್ರತಿಯಿಂದ ಓದಿ ಹೇಳತೊಡಗಿದೆ. ದಾದಾನ ಪುಸ್ತಕವನ್ನು ಚಾಚಾ ಹಿಂದಿನ ಚಳಿಗಾಲದಲ್ಲಿ ಒಂದು ತಿಂಗಳು ನಮ್ಮಲ್ಲಿ ಬಿಟ್ಟಿದ್ದರು. ನಾನು ಅದನ್ನು ಕನ್ನಡಕ್ಕೆ ಇಳಿಸಿ ಬರೆದುಕೊಂಡಿದ್ದೆ. ಪುಸ್ತಕ ಕಮಲಾಪುರಕ್ಕೆ ಹೋಗಿತ್ತು. ಹಳೆಯ ಆಟದಲ್ಲಿ ಇಬ್ಬರೂ ಮೊದಲ ಎಂಟೆಂಟು ನಡೆಗಳನ್ನು ಒಂದೇ ಸಲಕ್ಕೆ ಇಟ್ಟುಕೊಂಡು ಆಮೇಲೆ ಸರದಿಯಂತೆ ಆಡುವ ರೂಢಿ. ಆ ಎಂಟು ನಡೆಗಳನ್ನು ನಾನು ಬಿಡಿಬಿಡಿಯಾಗಿ ಬರೆದಿರಲಿಲ್ಲ. ಕಾಗದ ಸಿಗುವುದು ಕಷ್ಟವಾಗಿತ್ತು. ಎಂಟು ಮುಗಿದಾಗ ಯಾವ ಕಾಯಿ ಯಾವ ಮನೆಯಲ್ಲಿ ನಿಂತಿತ್ತು ಎಂದಷ್ಟೇ ಬರೆದಿದ್ದೆ.

ಆಟ ಮುಂದೆ ಸಾಗಿತು. ದಾದಾ ಆನೆ ಕೊಟ್ಟರು. ಕುದುರೆ ಕೊಟ್ಟರು. ಈಗ ವಜೀರ ಮೂಲೆಯಿಂದ ಮೂಲೆಗೆ ಬರಬೇಕು. ಬರಲು ದಾರಿ ಇರಲಿಲ್ಲ. ದಾದಾನದೇ ಒಂದು ಪ್ಯಾದಿ ನಡುವೆ ಅಡ್ಡ ನಿಂತಿತ್ತು.

ಮೊದಲಿಂದ ಇಟ್ಟರು. ಮತ್ತೆ ಅದೇ. ಮೂರನೆಯ ಸಲ ಅಪ್ಪ ಬೆರಳಿನಿಂದ ಪ್ರತಿ ಮನೆ ಮುಟ್ಟಿ ನೋಡಿ, ಕೈ ಹಿಂದೆ ತೆಗೆದುಕೊಂಡರು.

"ಭಾಯಿ, ಸಿಟ್ಟಾಗಬ್ಯಾಡ್ರಿ. ಆಡಿದ್ದು ಒಂದು, ಮುನ್ಷಿ ಕೈಲೆ ಬರಿಸಿದ್ದು ಒಂದು. ದೊಡ್ಡವರು ಹಂಗ ಮಾಡ್ತಿದ್ರು."

"ನಮ್ಮ ದಾದಾ ಝೂಟಾ ಬರಸ್ಯಾರ ಅಂತೀರೇನು?"

"ನಾ ಅನ್ನಂಗಿಲ್ರಿ. ಹಾಸು ಅನ್ನಾಕತ್ತದ."

ಚಾಚಾ ನನ್ನ ಕಡೆ ತಿರುಗಿ, ಸರಿಯಾಗಿ ಬರೆದುಕೊಂಡಿದ್ದೀಯಾ ಎಂದು ಕೇಳಿದರು. ಹೂಂ ಎಂದೆ. ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ಅವರು ಕಾಯಿಗಳನ್ನು ಚೀಲಕ್ಕೆ ತುಂಬಿ ದಾರ ಕಟ್ಟಿದರು. ಕಮಲಾಪುರಕ್ಕೆ ಹೋಗಿ ಮೂಲ ಪುಸ್ತಕ ನೋಡುತ್ತೇನೆ ಎಂದರು. ಅಪ್ಪ ತಮ್ಮ ಮಾತಿಗೆ ಆಗಲೇ ನೊಂದುಕೊಂಡಿದ್ದರು, ಆದರೆ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಮಾಸ್ತರ ಅಲ್ಲವೇ, ಹಾಸಿನ ಮೇಲೆ ಕಂಡದ್ದನ್ನು ಇಲ್ಲ ಎನ್ನಲು ಅವರಿಗೆ ಬರುತ್ತಿರಲಿಲ್ಲ.

ಅವ್ವ ಎಂದೂ ಕಟ್ಟೆಗೆ ಬರದವಳು ಆ ದಿನ ಬಾಗಿಲವರೆಗೆ ಬಂದಳು.

"ಇವತ್ತ ಹೋಗಬ್ಯಾಡ್ರಿ ಭಾಯಿಸಾಬ್. ನಾಕ ದಿನ ಇಲ್ಲೇ ಇರ್ರಿ. ಪುಸ್ತಕ ಎಲ್ಲಿ ಹೋಗ್ತದ?"

"ಪುಸ್ತಕ ಎಲ್ಲೂ ಹೋಗಂಗಿಲ್ಲ ವೈನಿ. ನಿದ್ದಿ ಹೋಗ್ತದ ನಂದು."

ಹೊಸ್ತಿಲಲ್ಲಿ ಬೂಟು ಮೆಟ್ಟಿಕೊಳ್ಳುತ್ತ ನನಗೆ ಹೇಳಿದರು: "ಬೇಟಿ, ಮಾಸ್ತರಗ ಹೇಳು. ಮುಂದಿನ ಜುಮ್ಮಾಕ್ಕ ಪುಸ್ತಕ ತಗೊಂಡೇ ಬರ್ತೀನಿ. ಅಲ್ಲೀತನ ಆ ಜಾಗಾ ಖಾಲಿ ಬಿಡು." ಛತ್ರಿ ಊರುತ್ತ ಓಣಿಯಲ್ಲಿ ಹೋದರು. ಬಾಗಿಲುಗಳ ಕಡೆ ನೋಡುತ್ತಿದ್ದರು, ಎಣಿಸುತ್ತಿದ್ದರೋ ಏನೋ.

ಸೋಮವಾರ ಬೆಳಿಗ್ಗೆ ವಿಮಾನದ ಸದ್ದು ಕೇಳಿತು. ಮೋಟಾರು ನಿಂತವು, ರೈಲು ನಿಂತವು. ಐದು ದಿನ ನಾವು ಬಾಗಿಲು ತೆಗೆಯಲಿಲ್ಲ. ಶುಕ್ರವಾರ ಬಂದಾಗ, ಮೋಟಾರು ಇಲ್ಲವೆಂದು ಗೊತ್ತಿದ್ದೂ ಅಪ್ಪ ಹಾಸು ಬಿಚ್ಚಿಸಿದರು, ಪಡಸಾಲೆಯಲ್ಲಿ. ಅವ್ವ ಕಪ್ಪು ತೊಳೆದಿಟ್ಟಳು. ಮಧ್ಯಾಹ್ನ ಓಣಿಯಲ್ಲಿ ಕೋಲಿನ ಸದ್ದು ಬರಲಿಲ್ಲ. ಸಂಜೆ ಯಾರದೋ ಮನೆಯ ರೇಡಿಯೋದಿಂದ ಸುದ್ದಿ ಬಂತು: ಎಲ್ಲ ಮುಗಿಯಿತು, ಸಂಸ್ಥಾನ ಶರಣಾಯಿತು ಎಂದು. ಜನ ಬೀದಿಗೆ ಬಂದರು. ಯಾರೋ ಸಕ್ಕರೆ ಹಂಚಿದರು. ಅವ್ವ ನನ್ನ ಬಾಯಿಗೂ ಹಾಕಿ, ಇನ್ನು ನೀನು ಸೊಲ್ಲಾಪುರಕ್ಕೆ ಹೋಗಬಹುದು ಎಂದಳು. ಅಪ್ಪ ಸಕ್ಕರೆಯನ್ನು ಅಂಗೈಯಲ್ಲೇ ಹಿಡಿದುಕೊಂಡು, ಇನ್ನು ಮೋಟಾರು ಯಾವಾಗ ಬಿಡುತ್ತಾರೆ ಎಂದು ಕೇಳಿದರು.

ಮೋಟಾರು ಬಹಳ ದಿನ ಬಿಡಲಿಲ್ಲ. ನಮ್ಮ ಓಣಿಯ ಹದಿನಾಲ್ಕು ಕೀಲಿಗಳು ಒಂದೊಂದಾಗಿ ತೆರೆದವು. ಮನೆಯ ಹಿಂದಿನ ಮುಸಲ್ಮಾನರ ಓಣಿಯಲ್ಲಿ ಕೀಲಿ ಹಾಕಲು ಬಾಗಿಲುಗಳೇ ಉಳಿಯಲಿಲ್ಲ. ಹಳ್ಳಿಗಳ ಕಡೆಯಿಂದ ಬರುವ ಮಾತುಗಳನ್ನು ಗಂಡಸರು ತಗ್ಗಿದ ದನಿಯಲ್ಲಿ ಆಡಿಕೊಳ್ಳುತ್ತಿದ್ದರು. ನಾವು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು. ಹೊಲದ ಬಾವಿಗಳ ನೀರು ಕುಡಿಯಬೇಡಿ ಎಂದು ಹಾಲಿನವಳು ಹೇಳಿ ಹೋದಳು. ಯಾಕೆಂದು ಅವ್ವ ಕೇಳಲಿಲ್ಲ. ಕಣ್ಣಿಲ್ಲದ ಅಪ್ಪ ಗಾಳಿ ಬಂದಾಗಲೆಲ್ಲ ಮುಖ ಎತ್ತುತ್ತಿದ್ದರು.

"ಏನ್ ಸುಡಾಕತ್ತದ?"

"ಕಸಾ ರೀ," ಎನ್ನುತ್ತಿದ್ದಳು ಅವ್ವ.

ಅಷ್ಟು ದಿನ ಚಾಚಾ ನಮ್ಮ ಕಟ್ಟೆಯ ಮೇಲೆ ಕೂತು ನಮ್ಮ ಬಾಗಿಲು ಕಾದಿದ್ದರು. ಈಗ ಅವರು ನಮ್ಮ ಮನೆಯಲ್ಲಿ ಇದ್ದಿದ್ದರೆ ನಾವು ಕಾಯಬಹುದಿತ್ತು. ಮೂವರೂ ಅದನ್ನೇ ಯೋಚಿಸುತ್ತಿದ್ದೆವು. ಬಾಗಿಲ ಹೊರಗೆ ಬೂಟಿನ ಸದ್ದಾದರೆ ಮೂವರೂ ಒಟ್ಟಿಗೇ ಏಳುತ್ತಿದ್ದೆವು.

ದಾರಿ ತೆರೆದ ಮೇಲೆ ನನ್ನ ಗಂಡ ನನ್ನನ್ನು ಕರೆದೊಯ್ಯಲು ಬಂದರು. ಅಪ್ಪನ ಹಟಕ್ಕೆ ಮೊದಲು ಒಂದು ಲಾರಿ ಹತ್ತಿ ಕಮಲಾಪುರಕ್ಕೆ ಹೋಗಿ ಬಂದರು. ಚಾಚಾ ಅವರ ಮನೆಗೆ ಬಾಗಿಲಿಲ್ಲ, ಒಳಗೆ ಸಾಮಾನಿಲ್ಲ, ಯಾರನ್ನು ಕೇಳಿದರೂ ನಮಗೆ ಗೊತ್ತಿಲ್ಲ ಎನ್ನುತ್ತಾರೆ ಎಂದರು. ಇಡೀ ಊರಿಗೆ ಗೊತ್ತಿಲ್ಲವಂತೆ. ಅಪ್ಪ ಆ ದಿನ ಊಟ ಮಾಡಲಿಲ್ಲ. ನನ್ನ ನಾಲಿಗೆ, ನನ್ನ ನಾಲಿಗೆ ಎಂದು ಎರಡು ಸಲ ಅಂದರು. ನಾನು ಸೊಲ್ಲಾಪುರಕ್ಕೆ ಹೋಗಲಿಲ್ಲ. ಮುಂದೆ ನನ್ನ ಗಂಡನಿಗೇ ಇಲ್ಲಿಯ ಗಿರಣಿಯಲ್ಲಿ ಕೆಲಸ ಸಿಕ್ಕಿತು.

ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಚಾಚಾ ಅವರ ಹೆಂಡತಿ, ಚಾಚಿ ಬಂದರು, ತಮ್ಮ ಅಣ್ಣನ ಜೊತೆ. ಚಾಚಿ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಅವ್ವ ಅವರನ್ನು ಅಡುಗೆಮನೆಯೊಳಗೇ ಕರೆದುಕೊಂಡು ಹೋಗಿ, ನಮ್ಮ ಲೋಟದಲ್ಲೇ ಚಹಾ ಕೊಟ್ಟಳು. ಚಾಚಿ ಕುಡಿಯಲಿಲ್ಲ. ಚಾಚಾ ಇಲ್ಲಿಲ್ಲವೇ ಎಂದು ಕೇಳಿದರು. ಅದನ್ನೇ ಕೇಳಲು ಅವರು ಬೀದರಿನ ಕಡೆಯಿಂದ ಬಂದಿದ್ದರು.

ಆಮೇಲೆ ನಡೆದದ್ದನ್ನು ಅವರೇ ಹೇಳಿದರು. ಶರಣಾದ ಸುದ್ದಿ ಬಂದ ನಾಲ್ಕನೆಯ ದಿನ, ಮಂಗಳವಾರ, ಹತ್ತಿರದ ಹಳ್ಳಿಗಳಿಂದ ಜನ ಗುಂಪು ಕಟ್ಟಿಕೊಂಡು ಬರುತ್ತಿದ್ದಾರೆ ಎಂದು ಗೊತ್ತಾಯಿತು. ಅಣ್ಣನ ಬಂಡಿ ಹೆಂಗಸರು ಮಕ್ಕಳಿಂದ ತುಂಬಿತ್ತು. ಚಾಚಾ ಹತ್ತಲಿಲ್ಲ. ನಾನು ಮಾಸ್ತರರ ಮನೆಗೆ ಹೋಗುತ್ತೇನೆ, ಅಲ್ಲಿ ನನಗೆ ಯಾರೂ ಏನೂ ಮಾಡುವುದಿಲ್ಲ ಎಂದರು. ರಸ್ತೆ ಹಿಡಿಯದೆ ಹೊಲಗಳ ಬದುವಿನ ಮೇಲೆ ಹೊರಟರು. ಆ ಹೊಲಗಳೆಲ್ಲ ಅವರೇ ಅಳೆದವು. ಹಸಿ ಜೋಳದ ನಡುವೆ ಛತ್ರಿ ಸ್ವಲ್ಪ ದೂರ ಕಂಡಿತಂತೆ.

ಚಾಚಿ ಬುರ್ಖಾದೊಳಗಿಂದ ಬಟ್ಟೆಯಲ್ಲಿ ಸುತ್ತಿದ ದಾದಾನ ಪುಸ್ತಕ ತೆಗೆದು ಅಪ್ಪನ ಕೈಗೆ ಇಟ್ಟರು. ಅಪ್ಪ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಭಾಯಿ ನೋಡಿದ್ರೇನ್ರೀ ಇದನ್ನ?"

"ಬಂದ ಕೂಡ್ಲೆ ನೋಡಿದ್ರು. ನೋಡಿ ನಕ್ಕರು."

"ಯಾಕ ನಕ್ರು?"

"ನನಗೇನ್ ತಿಳೀತದ್ರೀ ಅದು. ಮಾಸ್ತರಗ ನಾನೇ ಹೇಳ್ತೀನಿ ಅಂದ್ರು. ಹೋಗಾಗ ಪುಸ್ತಕ ನೀ ಇಟ್ಕೋ, ನನಗ ಬಾಯಿಪಾಠ ಅದ ಅಂದ್ರು."

ಅಪ್ಪ ಪುಸ್ತಕವನ್ನು ನನಗೆ ಕೊಟ್ಟು, ಆ ಆಟ ಓದು ಎಂದರು. ಪುಟದ ನಡುವೆ ಒಂದು ಕಾಗದದ ಚೂರು ಇತ್ತು. ಮೊದಲ ಎಂಟು ನಡೆಗಳ ಸಾಲಿನಲ್ಲಿ, ವಜೀರನ ಮುಂದಿನ ಪ್ಯಾದಿಯ ಪಕ್ಕ, ಚಾಚಾ ಪೆನ್ಸಿಲಿನಿಂದ ಚಿಕ್ಕ ಗೆರೆ ಹಾಕಿದ್ದರು. ಮುನ್ಷಿ ಆ ಪ್ಯಾದಿಯ ನಡೆಯನ್ನು ಒಂದೇ ಸಲ ಬರೆದಿದ್ದ. ಎಷ್ಟು ಮನೆ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯ ಅವನಿಗೆ ಇರಲಿಲ್ಲ. ಅವನ ಕಾಲದಲ್ಲಿ ಪ್ಯಾದಿ ಒಂದೇ ಮನೆ ಹೋಗುತ್ತಿತ್ತು. ನಾನು ಹನ್ನೆರಡು ವರ್ಷ ಅಂಗ್ರೇಜಿ ಆಟವನ್ನೇ ನೋಡಿ ಬೆಳೆದವಳು. ಕೈ ತಾನಾಗಿ ಅದನ್ನು ಎರಡು ಮನೆ ಮುಂದೆ ಇಟ್ಟಿತ್ತು. ಅದರಿಂದಲೇ ವಜೀರನ ದಾರಿ ಕಟ್ಟಿತ್ತು. ದಾದಾ ಸುಳ್ಳು ಬರೆಸಿರಲಿಲ್ಲ. ಅಪ್ಪನೂ ತಪ್ಪು ಹೇಳಿರಲಿಲ್ಲ, ಹಾಸಿನ ಮೇಲೆ ಇದ್ದದ್ದನ್ನು ಹೇಳಿದ್ದರು. ತಪ್ಪು ನನ್ನ ಬರಹದಲ್ಲಿತ್ತು. ನಾನು ಸರಿಯಾಗಿ ಬರೆದಿದ್ದರೆ ಆ ಮಧ್ಯಾಹ್ನ ವಜೀರ ಮೂಲೆಯಿಂದ ಮೂಲೆಗೆ ಬರುತ್ತಿದ್ದ, ಇಬ್ಬರೂ ಹೂಂ ಅನ್ನುತ್ತಿದ್ದರು, ಚಾಚಾ ನಾಲ್ಕು ದಿನ ನಮ್ಮಲ್ಲೇ ಇರುತ್ತಿದ್ದರು.

ಓದವ್ವಾ ಎಂದರು ಅಪ್ಪ. ಚಾಚಿ ನನ್ನನ್ನೇ ನೋಡುತ್ತಿದ್ದರು.

ನಾನು ಮೂಲ ಪುಸ್ತಕ ಕೈಯಲ್ಲಿ ಹಿಡಿದುಕೊಂಡು, ನನ್ನ ಪ್ರತಿಯಲ್ಲಿ ಇದ್ದಂತೆಯೇ ಓದಿದೆ. ಪ್ಯಾದಿಯನ್ನು ಮತ್ತೆ ಎರಡು ಮನೆ ಮುಂದೆ ಇಟ್ಟೆ. ಮೊದಲ ಸಲ ಗೊತ್ತಿಲ್ಲದೆ, ಈ ಸಲ ಗೊತ್ತಿದ್ದು. ಅಪ್ಪನ ಬೆರಳುಗಳು ಗಾಳಿಯಲ್ಲೇ ಕಾಯಿ ಸರಿಸುತ್ತಿದ್ದವು. ವಜೀರನ ಹತ್ತಿರ ಬಂದು ನಿಂತವು.

"ಹಂಗಾರ ನಾ ಹೇಳಿದ್ದು ಖರೇ ಇತ್ತು," ಎಂದರು.

ಆ ದನಿಯಲ್ಲಿ ಗೆದ್ದದ್ದು ಏನೂ ಇರಲಿಲ್ಲ. ಗೆಳೆಯ ತನ್ನ ಅಜ್ಜನ ಸುಳ್ಳನ್ನು ಕಂಡು, ನಾಚಿ, ನಕ್ಕು, ಅದನ್ನು ಒಪ್ಪಿಕೊಳ್ಳಲೆಂದು ನನ್ನ ಮನೆಗೆ ಹೊರಟು ದಾರಿಯಲ್ಲೇ ತೀರಿಹೋದ ಎಂದು ಅಪ್ಪ ತಿಳಿದುಕೊಂಡರು. ಆ ಮಾತು ಆಡದಿದ್ದರೆ ಎಂದು ಏಳು ವರ್ಷ ನೆನೆದರು. ಎಷ್ಟೋ ಸಲ ನನ್ನ ಮುಂದೆಯೇ ಅಂದರು. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆದೆ. ಬಿಡಪ್ಪಾ, ಹಳೇ ಮಾತು ಎಂದೆ. ಅದಕ್ಕಿಂತ ಮುಂದೆ ಹೋಗಲಿಲ್ಲ.

ಅವರು ಮತ್ತೆ ಯಾರ ಜೊತೆಗೂ ಆಡಲಿಲ್ಲ. ಲೆಕ್ಕವನ್ನೂ ಮುಟ್ಟಲಿಲ್ಲ. ನಾನು ಒಮ್ಮೆ ಒಬ್ಬಳೇ ಹಾಸು ಬಿಚ್ಚಿ, ಪ್ಯಾದಿಯನ್ನು ಒಂದು ಮನೆ ಹಿಂದೆ ಇಟ್ಟು, ಆ ಆಟ ಆಡಿ ನೋಡಿದೆ. ಆನೆ, ಕುದುರೆ, ವಜೀರ. ಆಟ ಎಲ್ಲೂ ತಡೆಯದೆ ಕೊನೆಮುಟ್ಟಿತು. ಮೂರು ತಲೆಮಾರಿನಲ್ಲಿ ಅಂಥ ಪೆಟ್ಟು ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿತು. ಆದರೆ ಗುರುತು ಹಾಕಲು ಇಬ್ಬರು ಬೇಕು. ಹಾಕಲಿಲ್ಲ.

ಅಪ್ಪ ತೀರಿಕೊಂಡು ಈಗ ಎರಡು ತಿಂಗಳು. ನಮ್ಮ ಜಿಲ್ಲೆ ಇನ್ನು ಮೈಸೂರಿಗೆ ಸೇರುತ್ತದೆ, ಸಂಸ್ಥಾನ ಎಂಬ ಹೆಸರೇ ಇರುವುದಿಲ್ಲ ಎಂದು ಜನ ಮಾತಾಡುತ್ತಾರೆ. ಹೋದ ವಾರ ನಾನು ಕಮಲಾಪುರಕ್ಕೆ ಹೋಗಿದ್ದೆ. ಚಾಚಿ ತಿರುಗಿ ಬಂದು ಅದೇ ಮನೆಗೆ ತಗಡಿನ ಬಾಗಿಲು ಹಾಕಿಸಿಕೊಂಡಿದ್ದಾರೆ. ಹೆಣ್ಣುಮಕ್ಕಳಿಗೆ ಓದು ಹೇಳಿಕೊಡುತ್ತಾರೆ. ನಾನು ಎಲ್ಲವನ್ನೂ ಹೇಳಿದೆ: ಪ್ಯಾದಿ, ನನ್ನ ಪ್ರತಿ, ಅಪ್ಪನ ಮುಂದೆ ಎರಡನೆಯ ಸಲ ಓದಿದ್ದು. ಅವರು ಕೇಳುತ್ತ ಅಕ್ಕಿ ಆರಿಸುತ್ತಿದ್ದರು. ಮುಗಿದ ಮೇಲೆ ಮೊರವನ್ನು ಪಕ್ಕಕ್ಕೆ ಇಟ್ಟರು.

"ಆ ದಿನ ನಿನ್ನ ಮಾರಿ ನೋಡೇ ಗೊತ್ತಾಗಿತ್ತು ಬೇಟಿ, ಏನೋ ಮುಚ್ಚಾಕತ್ತಾಳಂತ. ಏನಂತ ಗೊತ್ತಿರಲಿಲ್ಲ."

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಮಾಸ್ತರರಿಗೆ ಹೇಳಬೇಕಿತ್ತು ಎಂದಷ್ಟೇ ಅಂದರು. ಆಮೇಲೆ ಬೇರೆ ಮಾತು ತೆಗೆದರು. ಪ್ರತಿ ವರ್ಷ ಚಾಚಾ ಅವರ ಹೆಸರಿನಲ್ಲಿ ಫಾತಿಹಾ ಓದಿಸಬೇಕೆಂದು ಅವರಿಗೆ ಆಸೆ. ಓದಿಸಲು ತೀರಿಕೊಂಡ ದಿನ ಗೊತ್ತಿರಬೇಕು.

"ನೀ ಲೆಕ್ಕಾ ಬಲ್ಲಾಕಿ. ಮನಿ ಬಿಟ್ಟಿದ್ದು ಮಂಗಳವಾರ. ನಿಮ್ಮ ಮನಿ ಮುಟ್ಟಲಿಲ್ಲ. ನಡುವ ಯಾವ ದಿನ ಅಂತ ಬರೀಲಿ?"

ಹೊಲದ ದಾರಿ ಹಿಡಿದರೆ ಎಷ್ಟು ಹೊತ್ತು, ಹಳ್ಳ ತುಂಬಿದ್ದರೆ ಎಷ್ಟು, ಹಗಲು ಅಡಗಿ ಕೂತಿದ್ದರೆ ಎಷ್ಟು ಎಂದು ಅವರ ಮುಂದೆಯೇ ಎಣಿಸಲು ನೋಡಿದೆ. ಎಣಿಕೆ ಎಲ್ಲಿಯೂ ನಿಲ್ಲಲಿಲ್ಲ. ನನಗೆ ತಿಳಿಯದು ಎಂದೆ. ಅವರು ಮೊರ ಎತ್ತಿಕೊಂಡು ಮತ್ತೆ ಅಕ್ಕಿ ಆರಿಸತೊಡಗಿದರು.

ಚಾಚಾ ತೀರಿಕೊಂಡ ದಿನ ನಮಗೆ ಗೊತ್ತಿಲ್ಲ. ಜಾಗವೂ ಗೊತ್ತಿಲ್ಲ.